ರಸ್ತೆ, ನೀರು, ಕರೆಂಟಿನ ಸಭೆಗೆ ಆರೋಗ್ಯ ಇಲಾಖೆಯವರು ಹೋಗುವುದು ಹೇಗೆ?

ಹೊಸದಾಗಿ ಇಲಾಖೆಗೆ ಸೇರಿದವರು ಆಗಾಗ ನನಗೆ ಫೋನ್ ಮಾಡುತ್ತಾರೆ. ಸಮುದಾಯ ಆರೋಗ್ಯ ಅಧಿಕಾರಿಗಳು, ಸಿಸ್ಟರ್‌ಗಳು, ಒಮ್ಮೊಮ್ಮೆ ಆಗ ತಾನೇ ಎಂಬಿಬಿಎಸ್ ಮುಗಿಸಿ ಬಂದ ಡಾಕ್ಟರು ಕೂಡ. ಪ್ರಶ್ನೆ ಹೆಚ್ಚುಕಮ್ಮಿ ಒಂದೇ. "ಮೇಡಂ, ಈ ಊರಲ್ಲಿ ಭೇದಿ ಯಾಕೆ ನಿಲ್ತಿಲ್ಲ ಅಂತ ನಮಗೆ ಗೊತ್ತು. ನೀರಿನ ಪೈಪು ಚರಂಡಿ ಒಳಗೇ ಹೋಗಿದೆ. ಆದರೆ ಅದು ಪಂಚಾಯ್ತಿ ಕೆಲಸ. ನಾವು ಬಾಯಿ ಬಿಟ್ಟರೆ, ನಿಮಗ್ಯಾಕ್ರೀ, ನೀವು ಮಾತ್ರೆ ಕೊಡಿ ಅಂತಾರೆ."

ನಾನು ಮಂಡ್ಯ ಜಿಲ್ಲೆಯಲ್ಲಿ ಕ್ಷೇತ್ರ ಆರೋಗ್ಯ ಶಿಕ್ಷಣಾಧಿಕಾರಿಯಾಗಿ ನಿವೃತ್ತಳಾದವಳು. ಜನರಿಗೆ ಬುದ್ಧಿ ಹೇಳುವುದಕ್ಕೇ ಸರ್ಕಾರ ನನಗೆ ಸಂಬಳ ಕೊಡುತ್ತಿತ್ತು. ಕೈ ತೊಳೆಯಿರಿ, ನೀರು ಕುದಿಸಿ ಕುಡಿಯಿರಿ, ಸೊಪ್ಪು ಮೊಟ್ಟೆ ತಿನ್ನಿ, ರಾತ್ರಿ ಹೊಲಕ್ಕೆ ಹೋಗುವಾಗ ಟಾರ್ಚ್ ಹಿಡಿಯಿರಿ. ಮಳವಳ್ಳಿ ಕಡೆಯ ಒಂದು ಕಾಲೋನಿಯಲ್ಲಿ ಕೈ ತೊಳೆಯುವ ಕ್ರಮ ತೋರಿಸುತ್ತಿದ್ದಾಗ ಒಬ್ಬರು ಅಜ್ಜಿ ಕೇಳಿದರು: "ನಲ್ಲೀಲಿ ನೀರೇ ಬರಕಿಲ್ಲ, ಎಲ್ಲಿಂದ ತೊಳೀಲಿ ಕಣವ್ವ?" ಉತ್ತರ ಇರಲಿಲ್ಲ. ನಮ್ಮ ಬುದ್ಧಿಮಾತಿನಲ್ಲಿ ಅರ್ಧವನ್ನು ಜನರಿಗಲ್ಲ, ಬೇರೆ ಇಲಾಖೆಯ ಕುರ್ಚಿಯಲ್ಲಿ ಕುಳಿತವರಿಗೆ ಹೇಳಬೇಕು. ಹೇಗೆ ಹೇಳಿದರೆ ಕೆಲಸ ಆಗುತ್ತದೆ ಅನ್ನುವುದನ್ನು ಇಲ್ಲಿ ಬರೆಯುತ್ತಿದ್ದೇನೆ.

"ನಿಮಗ್ಯಾಕೆ" ಅಂದರೆ ಏನು ಹೇಳಬೇಕು

ಮನೆ, ನೀರು, ಕೂಲಿ, ಓದು, ರಸ್ತೆ, ಜಾತಿ, ಹೆಣ್ಣು ಗಂಡು ಅನ್ನುವ ಭೇದ. ಕಾಯಿಲೆ ಯಾರ ಮನೆಗೆ ಬರುತ್ತದೆ, ಯಾರ ಮನೆಗೆ ಬರುವುದಿಲ್ಲ ಅನ್ನುವುದು ಬಹುಪಾಲು ಇವುಗಳಿಂದಲೇ ತೀರ್ಮಾನ ಆಗುತ್ತದೆ. ಆರೋಗ್ಯದ ಸಾಮಾಜಿಕ ನಿರ್ಧಾರಕಗಳು ಅಂತ ಟ್ರೈನಿಂಗಿನಲ್ಲಿ ಹೇಳಿಕೊಡುವುದು ಇವನ್ನೇ. ವಿಶ್ವ ಆರೋಗ್ಯ ಸಂಸ್ಥೆ ಮೈಕೆಲ್ ಮಾರ್ಮಟ್ ಅವರ ಅಧ್ಯಕ್ಷತೆಯಲ್ಲಿ ಇದಕ್ಕೇ ಒಂದು ಆಯೋಗ ಮಾಡಿ 2008ರಲ್ಲಿ ವರದಿ ತಂದಿತು. ಅದಕ್ಕೂ ಮುಂಚೆ 1986ರ ಒಟ್ಟಾವಾ ಸನ್ನದು, ಆರೋಗ್ಯದ ಪರವಾಗಿ ಬೇರೆಯವರ ಮುಂದೆ ವಾದ ಮಾಡುವುದೂ ನಮ್ಮ ಕೆಲಸ ಅಂತ ಸ್ಪಷ್ಟವಾಗಿ ಹೇಳಿದೆ.

ಆದರೆ ಪಿಡಿಒ (ಪಂಚಾಯ್ತಿ ಅಭಿವೃದ್ಧಿ ಅಧಿಕಾರಿ) ಮುಂದೆ ಒಟ್ಟಾವಾ, ಜಿನೀವಾ ಅನ್ನಬೇಡಿ. ಮೈಸೂರಿನ ಕತೆ ಹೇಳಿ. 1898ರ ಹೊತ್ತಿಗೆ ಮೈಸೂರಿಗೆ ಪ್ಲೇಗ್ ಬಂತು. ಆಮೇಲೆ ಊರು ಏನು ಮಾಡಿತು? 1903ರಲ್ಲಿ ಸಿಟಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಬೋರ್ಡ್ ಆಯಿತು. ಇಕ್ಕಟ್ಟಿನ ಕೇರಿಗಳನ್ನು ಬಿಡಿಸಿ ಹೊಸ ಬಡಾವಣೆ, ಅಗಲ ರಸ್ತೆ, ಚರಂಡಿ ಮಾಡಿದರು. ಹಳೇ ಮೈಸೂರಿನ ಮನೆಗಳ ಹಿಂದೆ ಈಗಲೂ ಕಾಣುವ ಕನ್ಸರ್ವೆನ್ಸಿ ಗಲ್ಲಿಗಳನ್ನು (ಮನೆಯ ಗಲೀಜು ಹಿಂದಿನಿಂದಲೇ ಸಾಗಿಸಲು ಬಿಟ್ಟ ಓಣಿಗಳನ್ನು) ನೋಡಿದರೆ ಆಗಿನವರ ಯೋಚನೆ ಗೊತ್ತಾಗುತ್ತದೆ. ಪ್ಲೇಗಿಗೆ ಆಗ ಒಳ್ಳೆಯ ಔಷಧ ಇರಲಿಲ್ಲ. ಅದಕ್ಕೇ ಊರನ್ನೇ ರಿಪೇರಿ ಮಾಡಿದರು. ಮಂಡ್ಯದ್ದು ಬೇಕಾದರೆ ನಾಲೆಯ ಕತೆ ಇದೆ. ಕನ್ನಂಬಾಡಿ ಕಟ್ಟಿ, ಈಗ ನಾವು ವಿ.ಸಿ. ನಾಲೆ ಅನ್ನುವ ಇರ್ವಿನ್ ನಾಲೆಯಲ್ಲಿ ನೀರು ಬಂದಾಗ ಜೊತೆಯಲ್ಲೇ ಮಲೇರಿಯಾನೂ ಬಂತು. 1930ರ ದಶಕದ ಆರೋಗ್ಯ ಇಲಾಖೆಯವರು ಕ್ವಿನೈನ್ ಒಂದನ್ನೇ ಹಂಚಿಕೊಂಡು ಕೂರುವ ಹಾಗಿರಲಿಲ್ಲ. ನೀರು ಎಲ್ಲಿ ನಿಲ್ಲುತ್ತದೆ ಅಂತಲೂ ನೋಡಬೇಕಾಯಿತು.

ಕಾಗದದ ಬಲವೂ ಇದೆ. ಪ್ರತಿ ಊರಿಗೂ ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕ ಸಮಿತಿ ಅಂತ ಒಂದಿದೆ. ಪಂಚಾಯ್ತಿ ಸದಸ್ಯರು ಅಧ್ಯಕ್ಷರು, ಆಶಾ ಕಾರ್ಯಕರ್ತೆ ಸದಸ್ಯ ಕಾರ್ಯದರ್ಶಿ, ವರ್ಷಕ್ಕೆ 10,000 ರೂಪಾಯಿ ಮುಕ್ತ ನಿಧಿ. ಬಹಳ ಕಡೆ ಈ ಸಮಿತಿ ಸಹಿ ಪುಸ್ತಕದಲ್ಲಿ ಮಾತ್ರ ಬದುಕಿರುತ್ತದೆ. ಮನೆ ಮನೆಗೆ ಪುಸ್ತಕ ಕಳಿಸಿ ಸಹಿ ಹಾಕಿಸಿಕೊಂಡು ಬಿಲ್ಲು ಮಾಡುವುದನ್ನು ಕಣ್ಣಾರೆ ನೋಡಿದ್ದೇನೆ. ಅದನ್ನು ನಿಜವಾಗಿ ಸೇರಿಸಿ. ಹೆಸರಲ್ಲೇ ನೈರ್ಮಲ್ಯ ಇದೆಯಲ್ಲ, ಚರಂಡಿ ಮಾತಾಡಲು ಬೇರೆ ಅನುಮತಿ ಯಾಕೆ ಬೇಕು?

ರಿಜಿಸ್ಟರಿಗೆ ಇನ್ನೊಂದು ಕಾಲಂ

ನಮ್ಮ ಹತ್ತಿರ ರಸ್ತೆಗೆ ದುಡ್ಡಿಲ್ಲ, ಪೈಪಿಗೆ ದುಡ್ಡಿಲ್ಲ. ಇರುವುದು ರಿಜಿಸ್ಟರ್. ಯಾರಿಗೆ ಏನಾಯಿತು ಅನ್ನುವ ಲೆಕ್ಕ ತಾಲ್ಲೂಕಿನಲ್ಲಿ ಇನ್ಯಾವ ಇಲಾಖೆಯಲ್ಲೂ ಇಲ್ಲ. ನಮ್ಮ ಬಲ ಅದೊಂದೇ. ಆದರೆ ರಿಜಿಸ್ಟರನ್ನು ಮಾಡಿರುವುದೇ ಕಾಯಿಲೆ ಬರೆಯುವುದಕ್ಕೆ, ಕಾರಣ ಬರೆಯುವುದಕ್ಕಲ್ಲ. 2018ರ ನವೆಂಬರ್ 24ರಂದು ಪಾಂಡವಪುರ ತಾಲ್ಲೂಕಿನ ಕನಗನಮರಡಿಯಲ್ಲಿ ಬಸ್ಸು ವಿ.ಸಿ. ನಾಲೆಗೆ ಬಿದ್ದು 30 ಜನ ತೀರಿಕೊಂಡರು. ಅವರಲ್ಲಿ ಶಾಲೆ ಮಕ್ಕಳೂ ಇದ್ದರು. ಇಂಥ ಸಾವಿಗೆ ನಮ್ಮ ಕಾಗದದಲ್ಲಿ ಕಾರಣ ಏನು? ನೀರಿನಲ್ಲಿ ಮುಳುಗಿ ಉಸಿರುಕಟ್ಟಿದ್ದು. ನಾಲೆ ಏರಿಗೆ ತಡೆಗೋಡೆ ಇತ್ತಾ ಇಲ್ಲವಾ ಅಂತ ಬರೆಯುವ ಕಾಲಂ ಯಾವ ಫಾರಂನಲ್ಲಿದೆ ಹೇಳಿ?

ಆದ್ದರಿಂದ ಸರ್ಕಾರದ ಫಾರಂ ಹಾಗೇ ಇರಲಿ. ಪಕ್ಕದಲ್ಲಿ ನಿಮ್ಮದೇ ಒಂದು ಲಾಂಗ್ ನೋಟ್‌ಬುಕ್ ಇಡಿ. ಎಲ್ಲಿ, ಎಷ್ಟು ಹೊತ್ತಿಗೆ, ಏನು ಮಾಡುತ್ತಿದ್ದಾಗ. ಮೂರೇ ಕಾಲಂ ಸಾಕು.

ನಾಗಮಂಗಲ ಕಡೆ ಕೆಲಸ ಮಾಡುವಾಗ ಹಾವು ಕಡಿತದ ಕೇಸುಗಳಿಗೆ ಹೀಗೇ ಮಾಡಿದೆವು. ಆ ಸೀಮೆಯಲ್ಲಿ ಬೋರ್‌ವೆಲ್ ನೆಚ್ಚಿದವರೇ ಜಾಸ್ತಿ. ಆಗಿನ್ನೂ ಹಾವು ಕಡಿತ ವರದಿ ಮಾಡುವುದು ಕಡ್ಡಾಯ ಆಗಿರಲಿಲ್ಲ. ರಾಜ್ಯದಲ್ಲಿ ಕಡ್ಡಾಯ ಆದದ್ದು 2024ರ ಫೆಬ್ರವರಿಯಲ್ಲಿ. ಆಸ್ಪತ್ರೆಯ ಪುಸ್ತಕದಲ್ಲಿ ಹೆಸರು, ವಯಸ್ಸು, ಕೊಟ್ಟ ಔಷಧ ಇಷ್ಟೇ ಇರುತ್ತಿತ್ತು. ಆಶಾ ಒಬ್ಬಳು, ಬಹಳ ಚುರುಕಿನ ಹುಡುಗಿ, ಕಚ್ಚಿದ ಹೊತ್ತನ್ನೂ ಬರೆಯಲು ಶುರು ಮಾಡಿದಳು. ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಕಣ್ಣಿಗೆ ಹೊಡೆಯುವ ಹಾಗೆ ಕಂಡಿತು. ಅರ್ಧಕ್ಕಿಂತ ಜಾಸ್ತಿ ಕೇಸು ರಾತ್ರಿ ಹನ್ನೊಂದರಿಂದ ಬೆಳಗಿನ ಜಾವದೊಳಗೆ. ಎಲ್ಲರೂ ಗಂಡಸರು. ಎಲ್ಲರದ್ದೂ ಒಂದೇ ಮಾತು: "ಮೋಟ್ರು ಹಾಕಕ್ಕೆ ಹೋಗಿದ್ದೆ."

ಪಂಪ್‌ಸೆಟ್ಟಿಗೆ ತ್ರೀಫೇಸ್ ಕರೆಂಟು ಬೇಕು. ಅದು ಬ್ಯಾಚ್ ಪ್ರಕಾರ ಬರುತ್ತದೆ. ಕೆಲವು ಫೀಡರಿಗೆ (ಒಂದಷ್ಟು ಊರುಗಳಿಗೆ ಕರೆಂಟ್ ಕೊಡುವ ಲೈನಿಗೆ) ಹಗಲು, ಕೆಲವಕ್ಕೆ ರಾತ್ರಿ. ರಾತ್ರಿ ಬ್ಯಾಚಿನ ರೈತ ಬದುವಿನ ಮೇಲೆ ಕತ್ತಲಲ್ಲಿ ನಡೆಯಲೇಬೇಕು. ಕೊಳಕುಮಂಡಲ, ಕಟ್ಟುಹಾವು ಓಡಾಡುವುದೂ ಆ ಹೊತ್ತಿಗೇ. ಇದು ಗೊತ್ತಾದ ಮೇಲೆ ನಮ್ಮ ಟಾರ್ಚ್ ಹಿಡಿಯಿರಿ ಪೋಸ್ಟರ್ ನೋಡಿ ನನಗೇ ನಗು ಬಂತು. ಟಾರ್ಚ್ ಹಿಡಿಯಲಿ, ಬೂಟು ಹಾಕಲಿ, ಬೇಡ ಅನ್ನುವುದಿಲ್ಲ. ಆದರೆ ಆ ಮನುಷ್ಯನನ್ನು ಆ ಹೊತ್ತಿನಲ್ಲಿ ಹೊಲಕ್ಕೆ ಕಳಿಸಿದ್ದು ಕರೆಂಟಿನ ಟೈಂಟೇಬಲ್. ಅದನ್ನು ಬದಲಿಸುವವರು ನಮ್ಮ ಪೋಸ್ಟರ್ ಓದುವುದಿಲ್ಲ.

ಭೇದಿಗೆ ಈ ಕೆಲಸ ಇನ್ನೂ ಸುಲಭ. ಊರಿನ ನಕ್ಷೆ ಬಿಡಿಸಿ. ಚೆನ್ನಾಗಿರಬೇಕಾಗಿಲ್ಲ, ಬೀದಿ, ಟ್ಯಾಂಕು, ವಾಲ್ವ್ ಗುಂಡಿ, ಚರಂಡಿ ಇದ್ದರೆ ಸಾಕು. ಕೇಸು ಬಂದ ಮನೆಗೆ ಚುಕ್ಕಿ ಇಡಿ. ಚುಕ್ಕಿಗಳು ಒಂದೇ ವಾಲ್ವ್‌ನ ಕೆಳಗೆ ಗುಂಪಾದರೆ ಆ ಗುಂಡಿ ತೆಗೆಸಿ ನೋಡಿ. ಇಲ್ಲಿ ನಿಮ್ಮ ಗುರು ನೀರುಗಂಟಿ. ಯಾವ ಜಾಯಿಂಟ್ ಸೋರುತ್ತದೆ, ಯಾವ ಬೀದಿಗೆ ನೀರು ಕೊನೆಗೆ ಹೋಗುತ್ತದೆ, ಯಾರು ಪೈಪಿಗೇ ಮೋಟರ್ ಹಾಕಿ ಎಳೆಯುತ್ತಾರೆ, ಎಲ್ಲವೂ ಅವರಿಗೆ ಗೊತ್ತು. ಯಾರೂ ಕೇಳುವುದಿಲ್ಲ ಅಷ್ಟೆ. ಒಂದು ಟೀ ಕುಡಿಯುತ್ತಾ ಕೇಳಿ.

ಆಮೇಲೆ ತುದಿಯ ಮನೆಯ ನಲ್ಲಿಗೆ ಹೋಗಿ. ಟ್ಯಾಂಕಿನ ಹತ್ತಿರದ ನಲ್ಲಿಯಲ್ಲಿ ಕ್ಲೋರಿನ್ ನೋಡಿ ಬಂದರೆ ಏನೂ ತಿಳಿಯುವುದಿಲ್ಲ. ತುದಿಯಲ್ಲಿ ಲೀಟರಿಗೆ 0.2 ಮಿಲಿಗ್ರಾಂ ಆದರೂ ಉಳಿದಿರಬೇಕು. ಇಲ್ಲದಿದ್ದರೆ ಎಚ್‌ಟುಎಸ್ ಬಾಟಲಿಯಲ್ಲಿ ನೀರು ತುಂಬಿಡಿ. ಮಲದ ಗಲೀಜು ಸೇರಿದ್ದರೆ ಒಂದೆರಡು ದಿನದಲ್ಲಿ ಕಪ್ಪಾಗುತ್ತದೆ. ಆ ಕಪ್ಪು ಬಾಟಲಿಯನ್ನು ಎಸೆಯಬೇಡಿ. ಸಭೆಯಲ್ಲಿ ಮೇಜಿನ ಮೇಲೆ ಇಡಿ, ಪಕ್ಕದಲ್ಲಿ ನಕ್ಷೆ ಬಿಡಿಸಿ. ಅರ್ಧ ಗಂಟೆ ಭಾಷಣ ಮಾಡುವುದು ತಪ್ಪುತ್ತದೆ. ಆ ನೀರು ಕುಡಿಯುವ ಸದಸ್ಯರೇ ಮುಂದಿನ ಮಾತಾಡುತ್ತಾರೆ.

ತಡ ಮಾಡಿದರೆ ಏನಾಗುತ್ತದೆ ಅಂತ ನಮ್ಮ ಕಡೆಯವರಿಗೆ ದೂರದ ಉದಾಹರಣೆ ಬೇಡ. 2024ರ ಮೇ ತಿಂಗಳಲ್ಲಿ ಮೈಸೂರು ತಾಲ್ಲೂಕಿನ ಕೆ. ಸಾಲುಂಡಿಯಲ್ಲಿ ಕಲುಷಿತ ನೀರಿನಿಂದ ಹಲವರು ಆಸ್ಪತ್ರೆ ಸೇರಿದರು, ಒಬ್ಬ ಯುವಕ ತೀರಿಕೊಂಡ. ಮೈಸೂರು ಊರಿನ ಪಕ್ಕದಲ್ಲೇ ಇರುವ ಹಳ್ಳಿ ಅದು.

ಯಾರ ಸಹಿ, ಯಾವ ತಿಂಗಳು

ಲೆಕ್ಕ ಸಿಕ್ಕಿತು. ಈಗ ಏನು ಕೇಳಬೇಕು? ಇಲ್ಲೇ ಬಹಳ ಜನ ಎಡವುತ್ತಾರೆ. "ಗ್ರಾಮದ ನೈರ್ಮಲ್ಯ ವ್ಯವಸ್ಥೆಯನ್ನು ಸುಧಾರಿಸಲು ಕ್ರಮ ವಹಿಸುವುದು" ಅಂತ ಪತ್ರ ಬರೆಯುತ್ತಾರೆ. ಅದಕ್ಕೆ "ಕ್ರಮ ವಹಿಸಲಾಗುವುದು" ಅಂತ ಉತ್ತರ ಬರುತ್ತದೆ. ಇಬ್ಬರೂ ಫೈಲು ಮುಚ್ಚುತ್ತಾರೆ.

ಒಬ್ಬ ಮನುಷ್ಯ ಒಂದು ಸಹಿಯಲ್ಲಿ ಮಾಡಬಹುದಾದ ಒಂದು ಕೆಲಸ ಕೇಳಿ. "ಶಾಲೆ ಹಿಂದಿನ ವಾಲ್ವ್ ಗುಂಡಿಯನ್ನು ಚರಂಡಿಯಿಂದ ಎತ್ತರಿಸಿ ಮುಚ್ಚಳ ಹಾಕಿಸಿ." ಮುಗಿಯಿತು. ಇದು ಆಗುವ ಕೆಲಸ. ಆಯಿತೋ ಇಲ್ಲವೋ ಅಂತ ಹೋಗಿ ನೋಡಬಹುದು.

ಆ ಸಹಿ ಯಾರದು ಅಂತ ಮೊದಲೇ ತಿಳಿದುಕೊಳ್ಳಿ. ವಾಲ್ವ್ ಗುಂಡಿ ಪಿಡಿಒ. ನಾಲೆ ಏರಿ ನೀರಾವರಿ ಇಂಜಿನಿಯರು. ಜಿಲ್ಲಾ ಮುಖ್ಯರಸ್ತೆ ಲೋಕೋಪಯೋಗಿ. ರೇಷನ್ ಕಾರ್ಡ್ ತಾಲ್ಲೂಕು ಕಚೇರಿಯ ಆಹಾರ ಶಾಖೆ. ಬಸ್ಸು ಡಿಪೋ ಮ್ಯಾನೇಜರ್. ತಪ್ಪು ಮೇಜಿಗೆ ಹೋದ ಪತ್ರ ವರ್ಷಗಟ್ಟಲೆ ಸುತ್ತುತ್ತದೆ. ಯಾವ ಮೇಜೂ ಅದನ್ನು ತನ್ನದು ಅನ್ನುವುದಿಲ್ಲ.

ತಿಂಗಳೂ ಮುಖ್ಯ. ಪಂಚಾಯ್ತಿಯ ಮುಂದಿನ ವರ್ಷದ ಯೋಜನೆ ತಯಾರಿ ಗಾಂಧಿ ಜಯಂತಿ ಹೊತ್ತಿಗೆ ಶುರುವಾಗುತ್ತದೆ. ಫೆಬ್ರವರಿಯಲ್ಲಿ ಹೋಗಿ ಕೇಳಿದರೆ "ಕ್ರಿಯಾ ಯೋಜನೆ ಆಗೋಯ್ತಲ್ಲ ಮೇಡಂ" ಅಂತಾರೆ, ಅದು ನಿಜವೂ ಹೌದು. ಆಗಸ್ಟ್, ಸೆಪ್ಟೆಂಬರಿನಲ್ಲೇ ಲೆಕ್ಕ ಹಿಡಿದು ಹೋಗಿ. ಹದಿನೈದನೇ ಹಣಕಾಸು ಆಯೋಗದ ಅನುದಾನದಲ್ಲಿ ಶೇ 60ರಷ್ಟನ್ನು ಕುಡಿಯುವ ನೀರು, ನೈರ್ಮಲ್ಯಕ್ಕೇ ಕಟ್ಟಿಟ್ಟಿದ್ದರು. ಇಂಥ ನಿಯಮ ಗೊತ್ತಿದ್ದರೆ ನೀವು ಕೇಳುವ ರೀತಿಯೇ ಬೇರೆ ಆಗುತ್ತದೆ. "ದುಡ್ಡು ಕೊಡಿ" ಅನ್ನುವ ಬದಲು "ಈ ಹೆಡ್‌ನಲ್ಲಿ ಉಳಿದಿರೋದನ್ನ ಇಲ್ಲಿಗೆ ಹಾಕಿ" ಅನ್ನಬಹುದು. ಬಚ್ಚಲು ನೀರು ಬೀದಿಗೆ ಹರಿಯುತ್ತಿದ್ದ ಒಂದು ಊರಲ್ಲಿ ನಾವು ನರೇಗಾದಲ್ಲಿ ಸಾಲಾಗಿ ಬಚ್ಚಲು ಗುಂಡಿ ಮಾಡಿಸಿದ್ದು ಹೀಗೇ. ಸೊಳ್ಳೆ ಲಾರ್ವಾ ಸರ್ವೆ ನಮ್ಮದು, ಗುಂಡಿ ಅವರದು. ಅವರಿಗೆ ಮಾನವ ದಿನಗಳ ಗುರಿ ಮುಟ್ಟಬೇಕಿತ್ತು, ನಮಗೆ ಡೆಂಗಿ ಕಡಿಮೆ ಆಗಬೇಕಿತ್ತು. ಎದುರಿನವರ ಗುರಿ ಏನು ಅಂತ ತಿಳಿದುಕೊಳ್ಳುವುದು ಯಾವತ್ತೂ ಸಮಯ ವ್ಯರ್ಥ ಅಲ್ಲ.

ಮೊದಲು ಒಬ್ಬರೇ ಹೋಗಿ

ಎಲ್ಲ ಇಲಾಖೆಗಳ ಪ್ರಗತಿ ನೋಡುವ ಕೆಡಿಪಿ ಸಭೆಯಲ್ಲಿ, ಶಾಸಕರ ಮುಂದೆ, ಇನ್ನೊಂದು ಇಲಾಖೆಯವರ ಮೇಲೆ ದಿಢೀರ್ ಅಂತ ಬಾಂಬ್ ಹಾಕಬೇಡಿ. ಆ ದಿನ ಚಪ್ಪಾಳೆ ಸಿಗಬಹುದು. ಮಾರನೇ ದಿನದಿಂದ ಆ ಆಫೀಸಿನ ಬಾಗಿಲು ಮುಚ್ಚುತ್ತದೆ.

ಕರೆಂಟ್ ಆಫೀಸಿಗೆ ನಾನು ಮತ್ತು ನಮ್ಮ ಡಾಕ್ಟರು ಸುಮ್ನೆ ಹೋಗಿ ಕುಳಿತೆವು. ಶಾಖಾಧಿಕಾರಿ ಚಿಕ್ಕ ವಯಸ್ಸಿನವರು, ಅವರದ್ದೂ ರೈತರ ಮನೆ. ನೋಟ್‌ಬುಕ್ ಮುಂದಿಟ್ಟೆವು. ಸ್ವಲ್ಪ ಹೊತ್ತು ನೋಡಿ, "ಶೆಡ್ಯೂಲ್ ಮೇಲಿಂದ ಬರುತ್ತೆ ಮೇಡಂ, ನನ್ನ ಕೈಲಿಲ್ಲ" ಅಂದರು. "ಹಾಗಾದ್ರೆ ನಿಮ್ಮ ಕೈಲಿರೋದು ಏನು ಸಾರ್?" ಅಂತ ಕೇಳಿದೆ. ಈ ಪ್ರಶ್ನೆಯನ್ನು ನೆನಪಿಟ್ಟುಕೊಳ್ಳಿ, ಎಲ್ಲ ಆಫೀಸಿನಲ್ಲೂ ಕೆಲಸ ಮಾಡುತ್ತದೆ. ಯೋಚಿಸಿ ಹೇಳಿದರು. ಒಂದೇ ಫೀಡರಿಗೆ ಸದಾ ರಾತ್ರಿ ಬರದ ಹಾಗೆ ಪಾಳಿ ತಿರುಗಿಸಬಹುದು. ಯಾವ ವಾರ ಯಾವ ಹೊತ್ತು ಅಂತ ಮುಂಚೆಯೇ ಊರಿಗೆ ತಿಳಿಸಬಹುದು. ಹಗಲು ಬ್ಯಾಚಿಗಾಗಿ ಮೇಲಿನವರಿಗೆ ಬರೆಯಬಹುದು, ಆದರೆ ಅದಕ್ಕೆ "ನಿಮ್ಮ ಇಲಾಖೆಯಿಂದ ಒಂದು ಪತ್ರ ಬೇಕು".

ನೋಡಿ, ಅವರಿಗೂ ಬೇಕಿದ್ದದ್ದು ಒಂದು ಪತ್ರ! ಮೇಲಿನವರಿಗೆ ತೋರಿಸಲು ಆಸ್ಪತ್ರೆಯ ಸೀಲ್ ಇರುವ ಕಾಗದ. ಆಫೀಸುಗಳಲ್ಲಿ ಬೇಡ ಅನ್ನುವವರಿಗಿಂತ ಕಾರಣ ಸಿಗದೆ ಸುಮ್ಮನಿರುವವರೇ ಜಾಸ್ತಿ.

ಆ ಪತ್ರವನ್ನು ಒಂದೇ ಪುಟದಲ್ಲಿ ಬರೆದೆವು. ಹೆಚ್ಚುಕಮ್ಮಿ ಹೀಗಿತ್ತು:

"ವಿಷಯ: ರಾತ್ರಿ ವೇಳೆ ಪಂಪ್‌ಸೆಟ್ ವಿದ್ಯುತ್ ಮತ್ತು ಹಾವು ಕಡಿತ ಪ್ರಕರಣಗಳ ಬಗ್ಗೆ. ನಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರದ ವ್ಯಾಪ್ತಿಯಲ್ಲಿ ಈ ಮುಂಗಾರಿನಲ್ಲಿ ದಾಖಲಾದ ಹಾವು ಕಡಿತ ಪ್ರಕರಣಗಳಲ್ಲಿ ಅರ್ಧಕ್ಕಿಂತ ಹೆಚ್ಚು ರಾತ್ರಿ ಪಂಪ್‌ಸೆಟ್ ಚಾಲೂ ಮಾಡಲು ಹೋದಾಗ ಆಗಿವೆ. ಊರುವಾರು ಪಟ್ಟಿ ಲಗತ್ತಿಸಿದೆ. ಪಟ್ಟಿಯಲ್ಲಿರುವ ಊರುಗಳ ಫೀಡರಿಗೆ ಮುಂದಿನ ಮುಂಗಾರಿನಲ್ಲಿ ಹಗಲು ಹೊತ್ತು ತ್ರೀಫೇಸ್ ಕೊಡಲು ಸಾಧ್ಯವೇ ಎಂದು ಪರಿಶೀಲಿಸಿ ತಿಳಿಸಲು ಕೋರಿದೆ. ಪಾಳಿಯ ಮಾಹಿತಿಯನ್ನು ರೈತರಿಗೆ ತಲುಪಿಸಲು ನಮ್ಮ ಆಶಾ ಕಾರ್ಯಕರ್ತೆಯರು ಸಹಕರಿಸುತ್ತಾರೆ."

ಕೊನೆಯ ಸಾಲು ನೋಡಿ. ಕೇಳುವಾಗ ನೀವೂ ಏನಾದರೂ ಕೊಡಿ. ಪತ್ರವನ್ನು ಆ ಆಫೀಸಿನ ಟಪಾಲು ವಿಭಾಗಕ್ಕೆ ಕೊಟ್ಟು, ನಿಮ್ಮ ಪ್ರತಿಗೆ ಸೀಲು, ದಿನಾಂಕ ಹಾಕಿಸಿಕೊಳ್ಳಿ. ವಾಟ್ಸ್ಆ್ಯಪಿನಲ್ಲಿ ಕಳಿಸಿದ್ದು ಪತ್ರ ಅಲ್ಲ. ಒಂದು ಪ್ರತಿ ತಾಲ್ಲೂಕು ಆರೋಗ್ಯಾಧಿಕಾರಿಗೆ ಹೋಗಲಿ. ನಿಮ್ಮ ಡಾಕ್ಟರ ಸಹಿಯಲ್ಲೇ ಹೋಗಲಿ. ನಮ್ಮಂಥವರು ಅವರನ್ನು ದಾಟಿ ಬರೆದರೆ ಒಳ್ಳೆಯ ಕೆಲಸಕ್ಕೂ ನೋಟಿಸು ಬರುತ್ತದೆ.

ಫಲ ಏನಾಯಿತು ಅಂದರೆ, ಪಾಳಿ ತಿರುಗಿತು. ಒಂದು ಫೀಡರಿಗೆ ಹಗಲು ಸಿಕ್ಕಿತು. ಉಳಿದವಕ್ಕೆ ಸಿಗಲಿಲ್ಲ. ಆಶಾಗಳು ವಾರದ ಪಾಳಿಯನ್ನು ಹಾಲಿನ ಡೇರಿಯ ಬೋರ್ಡಿನಲ್ಲಿ ಬರೆಯುತ್ತಿದ್ದರು. ಈಗ ಕುಸುಮ್ ಯೋಜನೆಯಲ್ಲಿ ಫೀಡರ್‌ಗಳಿಗೆ ಸೋಲಾರ್ ಕೊಟ್ಟು ಹಗಲಲ್ಲೇ ಪಂಪ್‌ಸೆಟ್ ಓಡಿಸುವ ಕೆಲಸ ನಡೆದಿದೆ. ನಿಮ್ಮ ಊರಿನ ಫೀಡರ್ ಆ ಪಟ್ಟಿಯಲ್ಲಿ ಮೇಲೆ ಬರಬೇಕಾದರೆ ಹಾವು ಕಡಿತದ ಲೆಕ್ಕಕ್ಕಿಂತ ಒಳ್ಳೆಯ ವಾದ ಇನ್ನೇನಿದೆ?

ಇನ್ನು ಸಭೆ. ಮಾತಾಡಿದರೆ ಸಾಲದು, ನಿಮ್ಮ ಮಾತು ನಡಾವಳಿಯಲ್ಲಿ, ಅಂದರೆ ಸಭೆಯ ಬರಹದ ದಾಖಲೆಯಲ್ಲಿ, ಬರಬೇಕು. ನಡಾವಳಿಗೆ ಬಂದ ವಿಷಯಕ್ಕೆ ಮುಂದಿನ ಸಭೆಯಲ್ಲಿ ಏನು ಮಾಡಿದೆವು ಅನ್ನುವ ಅನುಪಾಲನಾ ವರದಿ ಕೊಡಲೇಬೇಕು. ಬಾಯಿಮಾತಿಗೆ ಯಾರೂ ಅನುಪಾಲನೆ ಕೇಳುವುದಿಲ್ಲ. ನಡಾವಳಿ ಬರೆಯುವ ಗುಮಾಸ್ತರಿಗೆ ನಿಮ್ಮ ವಾಕ್ಯವನ್ನು ಚೀಟಿಯಲ್ಲಿ ಬರೆದೇ ಕೊಡಿ. ಬೇಸರ ಮಾಡಿಕೊಳ್ಳುವುದಿಲ್ಲ. ಅವರಿಗೂ ಕೆಲಸ ಹಗುರ.

ಮಾತಾಡಬೇಕಾದವರು ಅವರು

ಇಷ್ಟೆಲ್ಲ ಮಾಡಿದರೂ ನಾವು ಸರ್ಕಾರಿ ನೌಕರರು. ನಡತೆ ನಿಯಮ ಇದೆ. ಪೇಪರಿನವರಿಗೆ ಹೋಗಿ ಸರ್ಕಾರವನ್ನು ಟೀಕಿಸುವ ಹಾಗಿಲ್ಲ. ಚುನಾವಣೆ ಹತ್ತಿರ ಬಂದಾಗ ಯಾವ ಪಕ್ಷದ ಪರವೂ ನಮ್ಮ ಲೆಕ್ಕ ಬಳಕೆ ಆಗದ ಹಾಗೆ ನೋಡಿಕೊಳ್ಳಬೇಕು. ಇದನ್ನು ಅಡ್ಡಿ ಅಂತ ನಾನು ಅಂದುಕೊಂಡಿಲ್ಲ. ತೊಂದರೆ ಅನುಭವಿಸುವವರು ತಾವೇ ಮಾತಾಡಿದಾಗ ಇರುವ ತೂಕ ನಮ್ಮ ಮಾತಿಗೆ ಯಾವತ್ತೂ ಬರುವುದಿಲ್ಲ. ಲೆಕ್ಕ ಅವರ ಕೈಗೆ ಕೊಡಿ.

ಗ್ರಾಮಸಭೆ ಬೆಳಿಗ್ಗೆ ಹನ್ನೊಂದಕ್ಕೆ ಅಂತ ಇಡುತ್ತಾರೆ. ನಾಟಿ ದಿನ ಆ ಹೊತ್ತಿಗೆ ಹೆಂಗಸರು ಗದ್ದೆಯಲ್ಲಿರುತ್ತಾರೆ. ಹಾಗಾಗಿ ಬಂದವರು ಯಾರು ಅಂತ ಬಿಡಿಸಿ ಹೇಳಬೇಕಾಗಿಲ್ಲ ಅಲ್ವಾ. ಮಹಿಳಾ ಗ್ರಾಮಸಭೆ, ವಾರ್ಡ್ ಸಭೆ ಬೇರೆ ಇವೆ. ಅದಕ್ಕೂ ಮುಂಚೆ ಸ್ತ್ರೀಶಕ್ತಿ ಸಂಘದ ವಾರದ ಸಭೆಗೆ, ಸಂಜೆ, ನೀವೇ ಹೋಗಿ. ನಕ್ಷೆ ತೋರಿಸಿ. ಚುಕ್ಕಿ ಅವರಿಂದಲೇ ಇಡಿಸಿ.

ಆ ನಕ್ಷೆಯಲ್ಲಿ ಇನ್ನೊಂದು ಕಾಣುತ್ತದೆ, ಅದನ್ನು ನೋಡದ ಹಾಗೆ ಇರಬೇಡಿ. ನಾನು ಕೆಲಸ ಮಾಡಿದ ಬಹಳ ಊರುಗಳಲ್ಲಿ ಪೈಪಿನ ತುದಿ ಇರುವುದು ದಲಿತರ ಕಾಲೋನಿಯಲ್ಲಿ. ಚರಂಡಿ ಹೋಗಿ ನಿಲ್ಲುವುದೂ ಅಲ್ಲೇ. ಇದನ್ನು ಜಾತಿ ಅಂತ ಕೂಗಿ ಹೇಳಿದರೆ ಸಭೆ ಗಲಾಟೆಯಲ್ಲಿ ಮುಗಿಯುತ್ತದೆ. ಹೇಳದೇ ಇದ್ದರೆ ಮುಂದಿನ ವರ್ಷವೂ ಭೇದಿ ಅಲ್ಲೇ. ನಾನು ಕಂಡುಕೊಂಡ ದಾರಿ, ಬೀದಿವಾರು ಲೆಕ್ಕವನ್ನು ಹಾಗೇ ಓದುವುದು. ಮೇಲಿನ ಬೀದಿಗೆ ದಿನಾ ನೀರು, ಕಾಲೋನಿಗೆ ವಾರಕ್ಕೆರಡು ದಿನ. ಜಲ ಜೀವನ್ ಮಿಷನ್ ಹೇಳುವುದು ಪ್ರತಿಯೊಬ್ಬರಿಗೂ ದಿನಕ್ಕೆ 55 ಲೀಟರ್. ಓದಿ ಸುಮ್ಮನೆ ನಿಲ್ಲಿ. ಯಾರಾದರೂ ಉತ್ತರ ಕೊಡಲೇಬೇಕಾಗುತ್ತದೆ.

ಆಲೆಮನೆ ಕೆಲಸಕ್ಕೆ, ಕಬ್ಬು ಕಡಿಯಲು ಹೊರಗಿನಿಂದ ಬಂದವರು ಯಾವ ಸಭೆಗೂ ಬರುವುದಿಲ್ಲ. ಅವರ ಹೆಸರು ಊರಿನ ಯಾವ ಪಟ್ಟಿಯಲ್ಲೂ ಇಲ್ಲ. ಅವರ ಮಕ್ಕಳಿಗೆ ಲಸಿಕೆ ಹಾಕಲು ಹೋದ ಸಿಸ್ಟರೇ ಅವರ ಗುಡಿಸಲಿಗೆ ನೀರಿಲ್ಲ, ಒಲೆಗೆ ಕಬ್ಬಿನ ಸಿಪ್ಪೆ ಜೊತೆ ಹಳೇ ಪ್ಲಾಸ್ಟಿಕ್ಕೂ ಹಾಕುತ್ತಾರೆ ಅಂತ ಕಂಡು ಬರಬೇಕು. ಇವರ ವಿಷಯದಲ್ಲಿ ಮಾತ್ರ ನಾವೇ ಬಾಯಾಗಬೇಕಾಗುತ್ತದೆ. ಕಾರ್ಮಿಕ ಇಲಾಖೆ, ಅಂಗನವಾಡಿ ಮೇಲ್ವಿಚಾರಕಿ ಇಬ್ಬರನ್ನೂ ಒಂದೇ ದಿನ ಅಲ್ಲಿಗೆ ಕರೆದುಕೊಂಡು ಹೋಗಿ. ಆಫೀಸಿನಲ್ಲಿ ಕೂತು ಹೇಳಿದರೆ ನಂಬುವುದಿಲ್ಲ.

ಒಂದು ಎಚ್ಚರ. ಸಣ್ಣ ಊರಲ್ಲಿ ಹೆಸರು ಹೇಳದಿದ್ದರೂ ಗುರುತು ಸಿಗುತ್ತದೆ. "ಅರಳಿಕಟ್ಟೆ ಹಿಂದಿನ ಮನೆಯಲ್ಲಿ ಒಂದು ಟಿಬಿ ಕೇಸು" ಅಂದರೆ ಮುಗಿಯಿತು. ಬೀದಿ ಹೇಳಿ, ಮನೆ ಹೇಳಬೇಡಿ. ಟಿಬಿ, ಎಚ್‌ಐವಿ, ಗರ್ಭಪಾತ ಇವು ನಕ್ಷೆಯ ಮೇಲೆ ಬರಲೇಬಾರದು.

ತಟ್ಟೆ ಮತ್ತು ಮಾತ್ರೆ

ಟಿಬಿ ಬಗ್ಗೆ ಆಡಳಿತದವರ ಹತ್ತಿರ ಮಾತಾಡುವಾಗ ನನಗೆ ಬಹಳ ಸಹಾಯ ಮಾಡಿದ್ದು ಒಂದು ಅಧ್ಯಯನ. ಮಂಗಳೂರಿನ ಯೆನೆಪೋಯ ವೈದ್ಯಕೀಯ ಕಾಲೇಜಿನ ಡಾ. ಅನುರಾಗ್ ಭಾರ್ಗವ ಮತ್ತು ತಂಡ ಜಾರ್ಖಂಡಿನಲ್ಲಿ ಮಾಡಿದ್ದು, 2023ರಲ್ಲಿ ಪ್ರಕಟವಾಯಿತು. ರೋಗಿಯ ಮನೆಮಂದಿಗೆ ತಿಂಗಳು ತಿಂಗಳು ಆಹಾರದ ಕಿಟ್ ಕೊಟ್ಟಾಗ ಅವರಿಗೆ ಹೊಸದಾಗಿ ಟಿಬಿ ಬರುವುದು ಸುಮಾರು ಶೇ 40ರಷ್ಟು ಕಡಿಮೆ ಆಯಿತು. ಅಕ್ಕಿ ಬೇಳೆಯಿಂದ! ರೋಗಿಗೆ ಸರ್ಕಾರ ಕೊಡುವ ಪೋಷಣೆಯ ಹಣ 2018ರಲ್ಲಿ ತಿಂಗಳಿಗೆ 500 ಇದ್ದದ್ದು 2024ರ ನವೆಂಬರಿನಿಂದ 1,000 ಆಗಿದೆ. ಆದರೆ ಅದು ರೋಗಿಗೆ ಮಾತ್ರ. ಮನೆಯ ಉಳಿದವರ ತಟ್ಟೆಗೆ ದಾರಿ ರೇಷನ್ ಕಾರ್ಡ್. ಟಿಬಿ ಪತ್ತೆಯಾದ ಮನೆಗೆ ಕಾರ್ಡ್ ಇದೆಯಾ, ಹೆಸರುಗಳು ಸೇರಿವೆಯಾ ಅಂತ ನೋಡಿ, ಆಹಾರ ಶಾಖೆಗೆ ಗುಟ್ಟಾಗಿ ಅರ್ಜಿ ಹಾಕಿಸಿ ಬೆನ್ನು ಹತ್ತುವುದನ್ನು ಚಿಕಿತ್ಸೆಯ ಭಾಗ ಅಂತಲೇ ಇಟ್ಟುಕೊಳ್ಳಿ.

ಎಲ್ಲಕ್ಕಿಂತ ಕಷ್ಟದ್ದು

ಮಂಡ್ಯದವಳಾಗಿ ಇದನ್ನು ಬರೆಯದೇ ಬಿಡಲಾರೆ. 2023ರ ಕೊನೆಯಲ್ಲಿ ನಮ್ಮ ಜಿಲ್ಲೆಯ ಆಲೆಮನೆಯೊಂದರಲ್ಲಿ ಭ್ರೂಣ ಲಿಂಗ ಪತ್ತೆ ಮಾಡುತ್ತಿದ್ದದ್ದು ಬಯಲಾಯಿತು. ಬೆಲ್ಲ ಮಾಡುವ ಜಾಗದಲ್ಲಿ ಸ್ಕ್ಯಾನಿಂಗ್. 1994ರಿಂದ ಕಾನೂನಿದೆ. ಪ್ರತಿ ಸ್ಕ್ಯಾನಿಂಗ್ ಸೆಂಟರಿನಲ್ಲೂ ಬೋರ್ಡ್ ಇದೆ. ಹೆಣ್ಣು ಮಗು ಉಳಿಸಿ ಅಂತ ಗೋಡೆ ಬರಹ ಬರೆಸಿದವರಲ್ಲಿ ನಾನೂ ಒಬ್ಬಳು. ಆ ಗೋಡೆ ಓದಿ ಮನಸ್ಸು ಬದಲಿಸಿದ ಒಂದು ಮನೆಯನ್ನೂ ನಾನು ಕಂಡಿಲ್ಲ.

ಇಲ್ಲಿ ಲೆಕ್ಕ ಏನು ಹೇಳುತ್ತದೆ? ಮೊದಲನೇ ಮಗು ಹೆಣ್ಣಾದ ಮನೆಯಲ್ಲಿ ಎರಡನೇ ಬಸಿರು ನಡುವೆ ಎಲ್ಲಿ ಕಾಣೆಯಾಗುತ್ತದೆ ಅಂತ ತಾಯಿ ಕಾರ್ಡಿನ ರಿಜಿಸ್ಟರಿನಲ್ಲಿ ಗೊತ್ತಾಗುತ್ತದೆ. ಅದು ಪೊಲೀಸು, ಆ ಕಾನೂನು ಜಾರಿ ಮಾಡುವ ಸಕ್ಷಮ ಪ್ರಾಧಿಕಾರದ ದಾರಿ. ಇನ್ನೊಂದು ದಾರಿ ನಿಧಾನದ್ದು. ವರದಕ್ಷಿಣೆ, ಹೊಲದ ಪಾಲು, ಹುಡುಗಿಯರ ಕಾಲೇಜು. ಹೆಣ್ಣುಮಕ್ಕಳಿಗೂ ಪಿತ್ರಾರ್ಜಿತ ಆಸ್ತಿಯಲ್ಲಿ ಸಮಪಾಲು ಕೊಟ್ಟ 2005ರ ತಿದ್ದುಪಡಿ ಆದ ಮೇಲೂ ಮಗಳು ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿ ಅರಿಶಿನ ಕುಂಕುಮ ತಗೊಂಡು ಹೋಗುವುದು ಇಲ್ಲಿ ಮಾಮೂಲಿ. ಆರೋಗ್ಯ ಇಲಾಖೆ ಇದರಲ್ಲಿ ಏನು ಮಾಡಬಹುದು? ನಾನು ಮಾಡಿದ್ದು ಸಣ್ಣದು. ಪ್ರೌಢಶಾಲೆ ಮುಗಿಸಿದ ಹುಡುಗಿಯರು ಯಾಕೆ ಓದು ಬಿಟ್ಟರು ಅಂತ ಕಿಶೋರಿಯರ ಸಭೆಯಲ್ಲಿ ಕೇಳಿದಾಗ "ಸಂಜೆ ಬಸ್ಸಿಲ್ಲ, ಅಪ್ಪ ಕಳಿಸಲ್ಲ" ಅನ್ನುವ ಉತ್ತರ ಮತ್ತೆ ಮತ್ತೆ ಬಂತು. ಹದಿನೆಂಟು ತುಂಬುವ ಮೊದಲೇ ಮದುವೆ, ಮರುವರ್ಷ ಬಸಿರು, ರಕ್ತಹೀನತೆ. ಡಿಪೋಗೆ ಪತ್ರ ಬರೆದೆವು. ಸಂಜೆ ಒಂದು ಟ್ರಿಪ್ ಆ ದಾರಿಗೆ ತಿರುಗಿತು. 2023ರ ಜೂನಿನಿಂದ ಶಕ್ತಿ ಯೋಜನೆಯಲ್ಲಿ ಟಿಕೆಟ್ಟೂ ಇಲ್ಲ. ಆದರೆ ಬಸ್ಸೇ ಬರದ ಊರಿಗೆ ಉಚಿತ ಟಿಕೆಟ್ಟಿನಿಂದ ಏನು ಲಾಭ? ಬಸ್ಸಿನ ಸಮಯ ಕೇಳುವುದು ತಾಯಿ ಮರಣ ತಡೆಯುವ ಕೆಲಸವೇ ಅಂತ ಮೇಲಿನವರಿಗೆ ಅರ್ಥ ಮಾಡಿಸುವುದಕ್ಕೆ ನನಗೆ ಪತ್ರ ಬರೆಯುವುದಕ್ಕಿಂತ ಜಾಸ್ತಿ ಹೊತ್ತು ಹಿಡಿಯಿತು.

ಆದ ಮೇಲೆ

ಕೆಲಸ ಆದರೆ ಮತ್ತೆ ಎಣಿಸಿ. ವಾಲ್ವ್ ಗುಂಡಿ ಎತ್ತರಿಸಿದ ಮೇಲೆ ಆ ಬೀದಿಯಲ್ಲಿ ಭೇದಿ ಕಡಿಮೆ ಆಯಿತಾ? ಆಗಿದ್ದರೆ ಆ ಲೆಕ್ಕ ಹಿಡಿದು ಅದೇ ಸಭೆಗೆ ಹೋಗಿ, ಪಿಡಿಒ ಮತ್ತು ನೀರುಗಂಟಿಯ ಹೆಸರು ಹೇಳಿ ಥ್ಯಾಂಕ್ಸ್ ಹೇಳಿ. ಬೈಗುಳ ಕೇಳಿಯೇ ಅಭ್ಯಾಸ ಆದವರು ಅವರು. ಮುಂದಿನ ಸಲ ನೀವು ಹೋಗುವ ಮುಂಚೆಯೇ ಕುರ್ಚಿ ಹಾಕಿಸುತ್ತಾರೆ. ಕಡಿಮೆ ಆಗದಿದ್ದರೆ ಕಾರಣ ಬೇರೆ ಇದೆ, ನಕ್ಷೆಗೆ ವಾಪಸ್ ಹೋಗಿ.

ಆಗದೇ ಇದ್ದರೆ? ಮೂರು ತಿಂಗಳಿಗೊಮ್ಮೆ ಹಳೇ ಪತ್ರದ ಉಲ್ಲೇಖ ಹಾಕಿ ನೆನಪೋಲೆ ಕಳಿಸಿ. ಒಂದು ಮೇಜು ಮೇಲಕ್ಕೆ ಪ್ರತಿ ಹೋಗಲಿ. ಜಗಳ ಬೇಡ. ಹೊಸ ಅಧಿಕಾರಿ ಬಂದ ವಾರವೇ ಹೋಗಿ. ಹೊಸಬರಿಗೆ ಏನಾದರೂ ಮಾಡಿ ತೋರಿಸಬೇಕು ಅನ್ನುವ ಹುಮ್ಮಸ್ಸು ಇರುತ್ತದೆ.

ನಿಮಗೂ ವರ್ಗಾವಣೆ ಬರುತ್ತದೆ. ಚಾರ್ಜ್ ಲಿಸ್ಟಿನಲ್ಲಿ ಬಿಪಿ ಮಷಿನ್, ತೂಕದ ಯಂತ್ರ, ಬೀರು ಎಲ್ಲ ಬರೆಯುತ್ತೇವೆ. ಅದರ ಕೆಳಗೆ ಆ ನೋಟ್‌ಬುಕ್ಕನ್ನೂ ಸೇರಿಸಿ. ಯಾವ ಪತ್ರ ಯಾವ ಆಫೀಸಿನಲ್ಲಿದೆ, ಯಾರು ಏನು ಮಾತು ಕೊಟ್ಟಿದ್ದಾರೆ, ಯಾವ ನೀರುಗಂಟಿಗೆ ಎಲ್ಲ ಗೊತ್ತು ಅಂತ ಒಂದು ಪುಟ ಬರೆದು, ಬರುವವರ ಸಹಿ ಹಾಕಿಸಿಕೊಂಡು ಕೊಡಿ.